ಪ್ಲೇಸ್‌ಮೆಂಟಿಗೊಂದು ಸೀಸನ್, ನಾಟಕಕ್ಕೆ ಯಾಕಿಲ್ಲ?

ನಮ್ಮ ಕಾಲೇಜಿನ ಹುಡುಗರಿಗೆ ಗೊತ್ತಿರುವ ಸೀಸನ್‌ಗಳು ಮೂರೇ. ಐಪಿಎಲ್ ಸೀಸನ್, ಇಂಟರ್ನಲ್ಸ್ ಸೀಸನ್, ಪ್ಲೇಸ್‌ಮೆಂಟ್ ಸೀಸನ್. ಮೊದಲನೆಯದರ ವೇಳಾಪಟ್ಟಿ ಎಲ್ಲರಿಗೂ ಬಾಯಿಪಾಠ. ಎರಡನೆಯದಕ್ಕೆ ಹಿಂದಿನ ರಾತ್ರಿಯ ಝೆರಾಕ್ಸೇ ಗತಿ. ಮೂರನೆಯದಕ್ಕೆ ಎರಡು ವರ್ಷ ಮೊದಲಿನಿಂದಲೇ ಹೊಟ್ಟೆಯಲ್ಲಿ ತಳಮಳ. ನಾಟಕಕ್ಕೂ ಒಂದು ಸೀಸನ್ ಇರಬಹುದು ಅಂದರೆ ಕ್ಯಾಂಟೀನಿನಲ್ಲಿ ಕೂತವರು ನಗುತ್ತಾರೆ.

ಫ್ರಾನ್ಸಿನಲ್ಲಿ ಯಾರೂ ನಗುವುದಿಲ್ಲ. ಅಲ್ಲಿನ ನಾಟಕ ಮಂದಿರಗಳಿಗೆ ವರ್ಷ ಶುರುವಾಗುವುದು ಜನವರಿಯಲ್ಲಿ ಅಲ್ಲ, ಸೆಪ್ಟೆಂಬರಿನಲ್ಲಿ. ಮುಗಿಯುವುದು ಬೇಸಿಗೆ ಬಂದಾಗ. ಹೊಸ ಸೀಸನ್ ಶುರುವಾಗುವ ತಿಂಗಳುಗಳ ಮೊದಲೇ ತಂಡ ಒಂದು ಕಿರುಪುಸ್ತಕ ಹೊರಡಿಸುತ್ತದೆ. ಯಾವ ತಿಂಗಳು ಯಾವ ನಾಟಕ, ನಿರ್ದೇಶಕರು ಯಾರು, ವಿದ್ಯಾರ್ಥಿಗೆ ಟಿಕೆಟ್ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಮೊದಲ ಪುಟದಲ್ಲಿ ಸಾಮಾನ್ಯವಾಗಿ ತಂಡದ ಮುಖ್ಯಸ್ಥರು ಪ್ರೇಕ್ಷಕರಿಗೆ ಬರೆದ ನಾಲ್ಕು ಮಾತು: ಈ ವರ್ಷ ಈ ನಾಟಕಗಳನ್ನೇ ಯಾಕೆ ಆರಿಸಿದೆವು ಅಂತ. ನೋಡುವವರು ನಾಲ್ಕೋ ಐದೋ ನಾಟಕ ಗುರುತು ಮಾಡಿಕೊಂಡು ಒಟ್ಟಿಗೇ ಟಿಕೆಟ್ ತೆಗೆದಿಡುತ್ತಾರೆ. ಬಿಡಿಬಿಡಿಯಾಗಿ ತೆಗೆಯುವುದಕ್ಕಿಂತ ಅದು ಅಗ್ಗ. ಅವರ ಮಾತಿನಲ್ಲಿ ಅದು ‘ಅಬೋನ್‌ಮಾಂ’, ನಮ್ಮ ಮಾತಿನಲ್ಲಿ ಚಂದಾ. ಅಪ್ಪ ವಾರಪತ್ರಿಕೆಗೆ ಕಟ್ಟುತ್ತಾರಲ್ಲ, ಅದೇ.

ನಾನು ಇದನ್ನೆಲ್ಲ ತಿಳಿದುಕೊಂಡದ್ದು ಕಳೆದ ವರ್ಷ ಫ್ರೆಂಚ್ ಕಲಿಯಲು ಸೇರಿದಾಗ. ಪದ್ಮನಾಭನಗರದಿಂದ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಹೋಗುವುದು ಒಂದು ಸಣ್ಣ ತೀರ್ಥಯಾತ್ರೆ. ಬನಶಂಕರಿವರೆಗೆ ಬಸ್ಸು, ಅಲ್ಲಿಂದ ಹಸಿರು ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ, ಕೊನೆಗೆ ಆಟೊ. ಮೊದಲ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳಿದರು, ಫ್ರೆಂಚ್ ಯಾಕೆ ಬೇಕು ಅಂತ. ಒಬ್ಬರಿಗೆ ಕೆನಡಾದ ಪಿ.ಆರ್. ಬೇಕು, ಫ್ರೆಂಚ್ ಗೊತ್ತಿದ್ದರೆ ಅರ್ಜಿಗೆ ಹೆಚ್ಚುವರಿ ಅಂಕ. ಇನ್ನೊಬ್ಬರ ಕಂಪನಿಯ ಗ್ರಾಹಕರು ಫ್ರಾನ್ಸಿನವರು, ಭಾಷೆ ಬಂದರೆ ಸಂಬಳ ಏರುತ್ತದೆ. ನಾಲ್ಕು ಜನ ನನ್ನ ಹಾಗೆ ಎಂ.ಎಸ್. ಆಸೆಯವರು. ನಾಟಕ ನೋಡಬೇಕು, ಕವಿತೆ ಓದಬೇಕು ಅಂದವರು ಒಬ್ಬರೂ ಇಲ್ಲ. ಇದರಲ್ಲಿ ತಪ್ಪೇನಿಲ್ಲ. ಹೊಟ್ಟೆಪಾಡಿಗೆ ಭಾಷೆ ಕಲಿಯುವುದು ಬೆಂಗಳೂರಿಗೆ ಹೊಸದೂ ಅಲ್ಲ. ಕೆಲಸಕ್ಕೆಂದು ಕಲಿತ ಭಾಷೆ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ಇದಕ್ಕೆ ಉತ್ತರ ನಮ್ಮ ಏರಿಯಾದಲ್ಲೇ ಇದೆ. ಪಿಯುಸಿಯಲ್ಲಿ ಕನ್ನಡದ ಬದಲು ಫ್ರೆಂಚೋ ಸಂಸ್ಕೃತವೋ ತೆಗೆದುಕೊಂಡರೆ ಅಂಕ ಉದುರುತ್ತದೆ ಅನ್ನುವ ಮಾತು ಜಯನಗರ, ಬನಶಂಕರಿ, ಪದ್ಮನಾಭನಗರದ ಮನೆಗಳಲ್ಲಿ ಕೇಳದವರಿಲ್ಲ. ನನ್ನ ಗೆಳೆಯನೊಬ್ಬ ಹಾಗೆಯೇ ಫ್ರೆಂಚ್ ತೆಗೆದುಕೊಂಡು ನೂರಕ್ಕೆ ತೊಂಬತ್ತೆಂಟು ತಂದ. ಮನೆಯಲ್ಲಿ ಪೇಡಾ ಹಂಚಿದರು. ಮೊನ್ನೆ ಅವನಿಗೆ ಮೊಬೈಲಿನಲ್ಲಿ ಫ್ರೆಂಚ್ ನಾಟಕವೊಂದರ ಐದು ನಿಮಿಷ ತೋರಿಸಿದೆ. ಅವನಿಗೆ ಸಿಕ್ಕಿದ್ದು ‘ಮೆಸ್ಯೂ’ ಒಂದೇ. 17ನೇ ಶತಮಾನದ ಪದ್ಯನಾಟಕ ಅದು, ಪಾಪ, ಪ್ಯಾರಿಸ್ಸಿನ ಹುಡುಗರೂ ತಡವರಿಸುತ್ತಾರೇನೋ. ಆದರೆ ಅವನು ಹೇಳಿದ ಇನ್ನೊಂದು ಮಾತು ನನ್ನ ತಲೆಯಿಂದ ಹೋಗಿಲ್ಲ: “ಮಗಾ, ಈಗ ಕನ್ನಡ ಪೇಪರ್ ಓದೋಕೂ ಟೈಮ್ ತಗೋತೀನಿ.” ಒಂದು ಭಾಷೆ ಬಿಟ್ಟ, ಇನ್ನೊಂದು ಹತ್ತಲಿಲ್ಲ. ನಡುವೆ ತೊಂಬತ್ತೆಂಟು ಅಂಕ ಮಾತ್ರ ಉಳಿಯಿತು.

ಆ ಐದು ನಿಮಿಷದ ನಾಟಕ ಮೋಲಿಯೇರನ ‘ತಾರ್ತುಫ್’. ಇದರ ಕಥೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಮಗೂ ಅದಕ್ಕೂ ನೆಂಟಸ್ತಿಕೆ ಇದೆ. ದೇವರು ದಿಂಡರ ಹೆಸರು ಹೇಳಿಕೊಂಡು ಒಂದು ಶ್ರೀಮಂತನ ಮನೆ ಹೊಕ್ಕು, ಯಜಮಾನನ ತಲೆ ಕೆಡಿಸಿ, ಆಸ್ತಿಯನ್ನೇ ಬರೆಸಿಕೊಳ್ಳುವ ಕಪಟಿಯ ಕಥೆ. 1664ರಲ್ಲಿ ದೊರೆ 14ನೇ ಲೂಯಿಯ ಮುಂದೆ ವರ್ಸೈಲ್ಸ್‌ನಲ್ಲಿ ಮೊದಲ ಸಲ ಆಡಿದರು. ದೊರೆ ನಕ್ಕ, ಧರ್ಮದ ದೊಡ್ಡವರು ಸಿಟ್ಟಾದರು, ಸಾರ್ವಜನಿಕವಾಗಿ ಆಡುವಂತಿಲ್ಲ ಎಂದು ಆಜ್ಞೆಯಾಯಿತು. 1667ರಲ್ಲಿ ಮೋಲಿಯೇರ್ ಹೆಸರು ಬದಲಿಸಿ, ಮಾತು ತಿದ್ದಿ ಮತ್ತೆ ಆಡಿಸಿದ. ಒಂದೇ ಪ್ರದರ್ಶನ, ಮತ್ತೆ ನಿಷೇಧ. ಕೊನೆಗೆ 1669ರಲ್ಲಿ ಅನುಮತಿ ಸಿಕ್ಕಿತು. ಒಂದು ನಾಟಕ ಜನರ ಮುಂದೆ ಬರಲು ಐದು ವರ್ಷ. ಇಂದು ಫ್ರೆಂಚ್ ನಿಘಂಟಿನಲ್ಲಿ ತಾರ್ತುಫ್ ಅಂದರೆ ಡೋಂಗಿ ಮನುಷ್ಯ ಅಂತಲೇ ಅರ್ಥ.

ಇದೇ ನಾಟಕವನ್ನು ಎ.ಎನ್. ಮೂರ್ತಿರಾವ್ ಕನ್ನಡಕ್ಕೆ ತಂದಾಗ ಇಟ್ಟ ಹೆಸರು ‘ಆಷಾಢಭೂತಿ’. ಎಂಥ ಹೆಸರು ನೋಡಿ! ಪಂಚತಂತ್ರದಲ್ಲಿ ಆಷಾಢಭೂತಿ ಎಂಬ ಧೂರ್ತ ಶಿಷ್ಯನ ವೇಷ ಹಾಕಿ, ದೇವಶರ್ಮ ಎಂಬ ಸನ್ಯಾಸಿಯ ಹಣದ ಗಂಟು ಹೊಡೆಯುತ್ತಾನೆ. ಅವನ ಹೆಸರು ನಮ್ಮ ಮಾತಿನಲ್ಲಿ ಬೈಗುಳವಾಗಿ ಉಳಿಯಿತು. ನಮ್ಮಜ್ಜಿ ಕಾರ್ಪೊರೇಷನ್ ಚುನಾವಣೆಗೆ ಕೈಮುಗಿದು ಬರುವವರನ್ನು ಕಂಡರೆ ಇಂದಿಗೂ ಬಳಸುವ ಪದ ಇದು. ಅಲ್ಲೂ ಕಪಟಿಯ ಹೆಸರು ನಾಮಪದವಾಯಿತು, ಇಲ್ಲೂ ಆಯಿತು. ಅನುವಾದಕರು ಮಾಡಿದ್ದು ಇಬ್ಬರನ್ನು ಭೇಟಿ ಮಾಡಿಸಿದ್ದು ಮಾತ್ರ. 1900ರಲ್ಲಿ ಹುಟ್ಟಿ 2003ರವರೆಗೆ ಬದುಕಿದ್ದ ಮೂರ್ತಿರಾವ್ ಅವರ ಹೆಸರು ನಮಗೆ ‘ದೇವರು’ ಪುಸ್ತಕದಿಂದ ಗೊತ್ತು. ಮೋಲಿಯೇರನನ್ನು ಕನ್ನಡ ಮಾತಾಡಿಸಿದವರು ಅವರು ಅನ್ನುವುದು ನಮ್ಮ ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೋಲಿಯೇರ್ ಸತ್ತದ್ದೂ ನಾಟಕದ ಹಾಗೆಯೇ. ತನಗೆ ಕಾಯಿಲೆ ಇದೆ ಎಂದು ಸುಮ್ಮನೆ ಭ್ರಮಿಸುವ ರೋಗಿಯ ಪಾತ್ರ ಮಾಡುತ್ತಿದ್ದ, ನಿಜಕ್ಕೂ ಕಾಯಿಲೆ ಬಿದ್ದಿದ್ದ. 1673ರ ಫೆಬ್ರುವರಿ 17, ನಾಲ್ಕನೇ ಪ್ರದರ್ಶನ. ರಂಗದ ಮೇಲೇ ಅಸ್ವಸ್ಥನಾದ, ಆಟ ಮುಗಿಸಿದ, ಮನೆಗೆ ಹೋಗಿ ಅದೇ ರಾತ್ರಿ ತೀರಿಕೊಂಡ. ಏಳು ವರ್ಷದ ನಂತರ, 1680ರಲ್ಲಿ, ಪ್ಯಾರಿಸ್ಸಿನ ತಂಡಗಳನ್ನು ಸೇರಿಸಿ ದೊರೆ ಕಾಮೆಡಿ ಫ್ರಾನ್ಸೇಸ್ ಕಟ್ಟಿಸಿದ. ಅದಕ್ಕೆ ಜನ ಇವತ್ತಿಗೂ ‘ಮೋಲಿಯೇರನ ಮನೆ’ ಅನ್ನುತ್ತಾರೆ. ಕೊನೆಯ ಆಟದಲ್ಲಿ ಅವನು ಕೂತಿದ್ದ ಕುರ್ಚಿಯನ್ನು ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ಮುನ್ನೂರ ನಲವತ್ತು ವರ್ಷ ದಾಟಿದ ಆ ತಂಡ ಈಗಲೂ ಪ್ರತಿವರ್ಷ ಹೊಸ ಸೀಸನ್ ಪ್ರಕಟಿಸುತ್ತದೆ. ಒಂದೇ ಮಂದಿರದಲ್ಲಿ ಇವತ್ತು ಒಂದು ನಾಟಕ, ನಾಳೆ ಇನ್ನೊಂದು. ಆಟಕ್ಕೆ ಒಂದು ಗಂಟೆ ಮೊದಲು ಹೋದರೆ ಸರಿಯಾಗಿ ಕಾಣದ ಮೂಲೆಯ ಸೀಟುಗಳನ್ನು ಅಗ್ಗದಲ್ಲಿ ಕೊಡುವ ಪದ್ಧತಿಯೂ ಇದೆಯಂತೆ. ವಿದ್ಯಾರ್ಥಿಗಳ ಕಷ್ಟ ಬಲ್ಲವರು.

ಇದೆಲ್ಲ ಸರ್ಕಾರದ ದುಡ್ಡಿರುವ ಶ್ರೀಮಂತ ದೇಶದ ಮಾತು, ನಮಗೆಲ್ಲಿ ಬಂತು ಸೀಸನ್ ಅನ್ನುವವರಿಗೆ ನಾನು ಪ್ಯಾರಿಸ್ ತೋರಿಸುವುದಿಲ್ಲ, ಕರಾವಳಿ ತೋರಿಸುತ್ತೇನೆ. ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ಗೆಜ್ಜೆ ಕಟ್ಟಿ ಹೊರಟರೆ ಬಿಚ್ಚುವುದು ಮೇ ತಿಂಗಳ ಪತ್ತನಾಜೆಗೆ. ನಡುವಿನ ಆರು ತಿಂಗಳು ದಿನಕ್ಕೊಂದು ಊರು. ಎಲ್ಲಿ ಯಾವ ಮೇಳದ ಆಟ ಅನ್ನುವುದು ಅಲ್ಲಿನ ಜನಕ್ಕೆ ಪೇಪರ್ ನೋಡಿದರೆ ಗೊತ್ತು. ಅದಕ್ಕೆ ಅವರು ಇಟ್ಟ ಹೆಸರು ತಿರುಗಾಟ. ಮಲೆನಾಡಿಗೆ ಬನ್ನಿ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ, 1985ರಲ್ಲಿ ಅದೇ ಹೆಸರಿನ ರೆಪರ್ಟರಿ ಶುರುಮಾಡಿತು. ವರ್ಷಕ್ಕೆ ಎರಡು ಮೂರು ನಾಟಕ, ಮೊದಲೇ ಪ್ರಕಟಣೆ, ಆಮೇಲೆ ಬಸ್ಸು ಹತ್ತಿ ಊರೂರು. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಹಾಗೆಯೇ ಪ್ರತಿವರ್ಷ ಮೂರು ನಾಟಕ ಹೊತ್ತು ತಿರುಗುತ್ತಿದೆ. ನಮ್ಮ ಚಿತ್ರದುರ್ಗದ ಮಾವ ನಾಟಕದ ಹುಚ್ಚರೇನೂ ಅಲ್ಲ, ಆದರೆ ಈ ವರ್ಷದ ಮೂರು ಯಾವುವು ಅಂತ ಕೇಳಿದರೆ ಹೇಳುತ್ತಾರೆ.

ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ಹೆಗ್ಗೋಡಿನಲ್ಲಿ ತಿರುಗಾಟ ಶುರುವಾದ ಅದೇ 1985ರಲ್ಲಿ ಫ್ರಾನ್ಸಿನ ಅವಿನ್ಯೋನ್ ಉತ್ಸವದಲ್ಲಿ ಪೀಟರ್ ಬ್ರೂಕ್ ನಮ್ಮ ಮಹಾಭಾರತವನ್ನು ಫ್ರೆಂಚಿನಲ್ಲಿ ಆಡಿಸಿದ. ಊರಾಚೆಯ ಕಲ್ಲುಗಣಿಯಲ್ಲಿ, ಒಂಬತ್ತು ಗಂಟೆಯ ನಾಟಕ. ದ್ರೌಪದಿಯಾಗಿ ಮಲ್ಲಿಕಾ ಸಾರಾಭಾಯ್. ರಾತ್ರಿಯಿಡೀ ಕೂತು ನೋಡುವುದು ನಮ್ಮ ಬಯಲಾಟದ ಅಜ್ಜಂದಿರಿಗೆ ಏನು ದೊಡ್ಡದು ಅನ್ನಿಸುತ್ತಿತ್ತೋ ಏನೋ. ಅದೇ ಉತ್ಸವ ಈಗ ವರ್ಷಕ್ಕೊಂದು ಅತಿಥಿ ಭಾಷೆಯನ್ನು ಕರೆಯುತ್ತದೆ. 2023ರಲ್ಲಿ ಇಂಗ್ಲಿಷ್, 2024ರಲ್ಲಿ ಸ್ಪ್ಯಾನಿಷ್, 2025ರಲ್ಲಿ ಅರಬಿ. ಕನ್ನಡದ ಸರದಿ ಬಂದರೆ ನಾನು ಸಪ್ಲಿಮೆಂಟರಿ ಬಿಟ್ಟಾದರೂ ಹೋಗುತ್ತೇನೆ.

ಹಾಗಾದರೆ ಹಳ್ಳಿಯಲ್ಲಿ ಇರುವ ಸೀಸನ್ ಬೆಂಗಳೂರಿನಲ್ಲಿ ಯಾಕಿಲ್ಲ? ದಕ್ಷಿಣ ಬೆಂಗಳೂರಿಗೆ ಮಂದಿರಗಳ ಬರ ಇಲ್ಲ. ಜೆ.ಪಿ. ನಗರದ ರಂಗಶಂಕರ ನಮ್ಮ ಮನೆಯಿಂದ ಗಾಡಿಯಲ್ಲಿ ಹೋಗುವಷ್ಟು ಹತ್ತಿರ. ಶಂಕರ್‌ನಾಗ್ ಹೆಸರಿನಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿದ ಆ ಮಂದಿರ 2004ರ ಅಕ್ಟೋಬರಿನಲ್ಲಿ ತೆರೆಯಿತು. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ ಅನ್ನುವ ಅಲ್ಲಿನ ನಿಯಮ ನಮ್ಮ ಲೆಕ್ಚರರ್‌ಗಳಿಗೂ ಇಷ್ಟ. ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ ಇದೆ, ಜೆ.ಸಿ. ರಸ್ತೆಗೆ ಹೋದರೆ ರವೀಂದ್ರ ಕಲಾಕ್ಷೇತ್ರ ಇದೆ. ತಂಡಗಳೂ ಬೇಕಾದಷ್ಟಿವೆ. ಆದರೆ ನಾಟಕ ಇದೆ ಅನ್ನುವುದು ನಮಗೆ ತಿಳಿಯುವುದು ಹೇಗೆ? ಶನಿವಾರದ ನಾಟಕಕ್ಕೆ ಗುರುವಾರ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪೋಸ್ಟರ್ ಬರುತ್ತದೆ. ‘ಫಾರ್ವರ್ಡೆಡ್ ಮೆನಿ ಟೈಮ್ಸ್’ ಅಂತ ಮೇಲೆ ಬರೆದಿರುತ್ತದೆ. ನಾವು ಆ ಹೊತ್ತಿಗೆ ಶನಿವಾರವನ್ನು ಲ್ಯಾಬ್ ರೆಕಾರ್ಡಿಗೆ ಬರೆದುಕೊಟ್ಟಿರುತ್ತೇವೆ. ರಂಗಶಂಕರ ತನ್ನ ತಿಂಗಳ ಪಟ್ಟಿ ಹಾಕುತ್ತದೆ ನಿಜ, ಆದರೆ ಅದು ಮಂದಿರದ ಪಟ್ಟಿ. ಒಂದು ತಂಡ ತನ್ನ ವರ್ಷವನ್ನು ಎದುರಿಗಿಟ್ಟು ‘ಇವು ಈ ಸಲದ ನಮ್ಮ ನಾಟಕಗಳು, ಇವೇ ಯಾಕೆಂದರೆ’ ಅಂತ ನಮ್ಮೊಂದಿಗೆ ಮಾತಾಡುವುದು ಬೇರೆ.

ತಂಡದವರ ಕಡೆಯ ಮಾತೂ ಕೇಳಬೇಕು. ನನಗೆ ಪರಿಚಯದ ಒಬ್ಬ ಅಕ್ಕ ಹವ್ಯಾಸಿ ತಂಡವೊಂದರಲ್ಲಿ ಪಾತ್ರ ಮಾಡುತ್ತಾರೆ. ಹಗಲು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೆಸ್ಟಿಂಗ್, ರಾತ್ರಿ ಎಂಟರ ಮೇಲೆ ರಿಹರ್ಸಲ್. “ನಮ್ಮ ಹೀರೊ ಮುಂದಿನ ತಿಂಗಳು ಆನ್‌ಸೈಟ್ ಹೋಗ್ತಾನೋ ಇಲ್ಲೋ ಅವನಿಗೇ ಗೊತ್ತಿಲ್ಲ ಕಣೋ, ಫೆಬ್ರುವರಿ ಡೇಟ್ ಹೇಗೆ ಕೊಡೋದು?” ಅಂದರು. ಮಂದಿರದ ತಾರೀಖು ಕೇಳಿದ ದಿನವೇ ಸಿಗುವುದಿಲ್ಲ, ಮುಂಗಡ ಕಟ್ಟಲು ಕೈಯಿಂದಲೇ ಹಾಕಬೇಕು. ಒಪ್ಪುತ್ತೇನೆ. ಆದರೆ ಇದಕ್ಕೆ ನನ್ನದೊಂದು ಎಂಜಿನಿಯರಿಂಗ್ ಬುದ್ಧಿಯ ಉತ್ತರ ಇದೆ. ಒಂದು ತಂಡಕ್ಕೆ ಆಗದ್ದು ನಾಲ್ಕು ತಂಡಕ್ಕೆ ಆಗುತ್ತದೆ. ನಾಲ್ಕು ತಂಡ ಸೇರಿ ತಲಾ ಒಂದೂವರೆ ನಾಟಕದ ಲೆಕ್ಕ ಹಾಕಿದರೂ ವರ್ಷಕ್ಕೆ ಆರು ನಾಟಕದ ಸೀಸನ್ ಆಯಿತು. ಯಾರದೋ ಹೀರೊ ಆನ್‌ಸೈಟ್ ಹೋದರೆ ಇನ್ನೊಂದು ತಂಡ ಮುಂದೆ ಬರುತ್ತದೆ. ಆರು ನಾಟಕ ಅಂದರೆ ಪ್ರೇಕ್ಷಕನಿಗೆ ಹನ್ನೆರಡು ಗಂಟೆ. ನಾವು ಒಂದು ವೆಬ್ ಸರಣಿಗೆ ಒಂದೇ ವಾರಾಂತ್ಯದಲ್ಲಿ ಅಷ್ಟು ಕೊಡುತ್ತೇವೆ. ಚಂದಾ ಹಣ ಜೂನ್‌ನಲ್ಲೇ ಕೈಸೇರಿದರೆ ಮಂದಿರದ ಮುಂಗಡಕ್ಕೆ ಅಕ್ಕ ಬಳೆ ಅಡ ಇಡಬೇಕಾಗಿಲ್ಲ.

ಇನ್ನು ಭಾಷೆಯ ವಿಚಾರ. ಫ್ರೆಂಚ್ ನಾಟಕ ಅಂದರೆ ಫ್ರಾನ್ಸ್ ಮಾತ್ರ ಅಲ್ಲ. ಕೆನಡಾದ ಟೊರಾಂಟೊ ಪೂರ್ತಿ ಇಂಗ್ಲಿಷ್ ಆವರಿಸಿರುವ ಊರು. ಅಲ್ಲಿ 1967ರಲ್ಲಿ ಒಂದು ಫ್ರೆಂಚ್ ನಾಟಕ ತಂಡ ಹುಟ್ಟಿತು, ಈಗ ಅದರ ಹೆಸರು ‘ತೆಯಾತ್ರ್ ಫ್ರಾನ್ಸೇ ದ ಟೊರಾಂಟೊ’. ಫ್ರೆಂಚ್ ಬಾರದವರು ಬರುವುದಿಲ್ಲವಲ್ಲ ಎಂದು ಅವರು ಕೊರಗುತ್ತಾ ಕೂರಲಿಲ್ಲ, ಇಂಗ್ಲಿಷಿಗೆ ಬದಲಾಗಲೂ ಇಲ್ಲ. ನಾಟಕ ಫ್ರೆಂಚಿನಲ್ಲೇ. ಆಯ್ದ ದಿನಗಳಲ್ಲಿ ರಂಗದ ಮೇಲ್ಭಾಗದಲ್ಲಿ ಇಂಗ್ಲಿಷ್ ಸಾಲುಗಳು ಓಡುತ್ತವೆ, ಸಿನಿಮಾದ ಸಬ್‌ಟೈಟಲ್ ಹಾಗೆ. ನನಗೆ ಇದು ತುಂಬ ಹಿಡಿಸಿತು. ಬೆಂಗಳೂರಿನಲ್ಲಿ ಕನ್ನಡ ಬಾರದವರ ಬಗ್ಗೆ ನಾವು ಆಡುವ ಜಗಳವೆಲ್ಲ ಆಟೊ ಸ್ಟ್ಯಾಂಡ್‌ನಲ್ಲಿ ಶುರುವಾಗಿ ರೀಲ್ಸ್‌ನಲ್ಲಿ ಮುಗಿಯುತ್ತದೆ. ವಿಟಿಯು ನಮಗೆ ಸಾಂಸ್ಕೃತಿಕ ಕನ್ನಡ, ಹೊರಗಿನವರಿಗೆ ಬಳಕೆ ಕನ್ನಡ ಅಂತ ಪಾಠ ಇಟ್ಟಿದೆ. ನನ್ನ ಪಟ್ನಾದ ಗೆಳೆಯ ಬಳಕೆ ಕನ್ನಡದಲ್ಲಿ ಒಳ್ಳೇ ಅಂಕದಲ್ಲೇ ಪಾಸಾದ. ಆದರೆ ‘ಊಟ ಆಯ್ತಾ’ ದಾಟಿ ಮುಂದೆ ಹೋಗಲು ಅವನಿಗೆ ಯಾರೂ ಒಂದು ಸಂಜೆಯ ಕನ್ನಡ ಕೊಡಲಿಲ್ಲ.

ಕಾಲೇಜಿನ ಉತ್ಸವದಲ್ಲಿ ನಾವು ಅದನ್ನು ಮಾಡಿ ನೋಡಿದೆವು. ಐವತ್ತು ನಿಮಿಷದ ಕನ್ನಡ ನಾಟಕ, ಹಿಂದಿನ ಗೋಡೆಗೆ ಪ್ರೊಜೆಕ್ಟರ್, ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಸಾಲುಗಳ ಮುನ್ನೂರು ಚಿಲ್ಲರೆ ಸ್ಲೈಡ್. ಸ್ಪೇಸ್‌ಬಾರ್ ಒತ್ತುವ ಕೆಲಸ ನನ್ನದು. ಕೇಳಲು ಸುಲಭ. ಮಾಡಿದರೆ ಗೊತ್ತಾಗುತ್ತದೆ. ಸಾಲು ಒಂದು ಕ್ಷಣ ಮೊದಲು ಬಿದ್ದರೆ ನಟ ಬಾಯಿ ತೆರೆಯುವ ಮೊದಲೇ ಅರ್ಧ ಸಭೆ ನಕ್ಕುಬಿಡುತ್ತದೆ, ಪಾಪ ಅವನ ಜೋಕ್ ನೀರಿಗೆ ಬೀಳುತ್ತದೆ. ತಡವಾದರೆ ನಗು ಎರಡು ಕಂತಿನಲ್ಲಿ ಬರುತ್ತದೆ. ಹಾಗಾಗಿ ನಗೆಯ ಮಾತನ್ನು ಯಾವಾಗಲೂ ಎರಡು ಸ್ಲೈಡಿಗೆ ಒಡೆದಿಡಬೇಕು. ಗಾದೆ ಬಂದಲ್ಲಿ ಅನುವಾದ ಬೇಡ, ಅರ್ಥ ಸಾಕು. ನಟ ಅರ್ಧ ಪುಟ ಹಾರಿಸಿದರೆ ಹಾರಲು ಪ್ರತಿ ದೃಶ್ಯಕ್ಕೂ ಒಂದು ಖಾಲಿ ಸ್ಲೈಡ್ ಬೇಕು. ಇದನ್ನು ಮಾಡುವವನಿಗೆ ಎರಡೂ ಭಾಷೆ ಬರಬೇಕು, ರಿಹರ್ಸಲ್‌ಗೆ ಹೋಗಿ ಕೂರಬೇಕು, ನಟರ ಉಸಿರು ಗೊತ್ತಿರಬೇಕು. ಈ ಕೆಲಸಕ್ಕೆ ಸಾವಿರಾರು ಎಂಜಿನಿಯರಿಂಗ್ ಹುಡುಗರಿರುವ ಊರಿಗಿಂತ ಒಳ್ಳೆಯ ಜಾಗ ಎಲ್ಲಿದೆ? ನಾಟಕ ಮುಗಿದ ಮೇಲೆ ಪಟ್ನಾದವನು ಬಂದು ಒಂದು ಪದದ ಅರ್ಥ ಕೇಳಿದ. ಪರದೆಯ ಮೇಲೆ ಇಲ್ಲದ ಪದ ಅದು, ಕಿವಿಯಿಂದ ಹಿಡಿದದ್ದು: ‘ಅಯ್ಯೋ ಶಿವನೇ’. ಈಗ ದಿನಕ್ಕೆ ಹತ್ತು ಸಲ ಹೇಳುತ್ತಾನೆ, ಹೆಚ್ಚಾಗಿ ರಿಸಲ್ಟ್ ದಿನ.

ಕೆಲಸ ಹುಡುಕುತ್ತಿರುವ ಅಣ್ಣಂದಿರು, ಅಕ್ಕಂದಿರು ಇದನ್ನು ಓದುತ್ತಿದ್ದರೆ, ಹೊಟ್ಟೆ ತುಂಬಿದವರ ಮಾತು ಇದು ಅಂದುಕೊಳ್ಳಬಹುದು. ಆಪ್ಟಿಟ್ಯೂಡ್ ಟೆಸ್ಟಿನ ನಡುವೆ ನಾಟಕವೇ? ನನಗೂ ಇನ್ನು ಕೆಲವೇ ತಿಂಗಳಲ್ಲಿ ಅದೇ ಸಾಲಿನಲ್ಲಿ ನಿಲ್ಲುವುದಿದೆ. ನಾಟಕ ನೋಡಿದರೆ ಸಂದರ್ಶನದಲ್ಲಿ ಚೆನ್ನಾಗಿ ಮಾತಾಡುತ್ತೀರಿ, ಆತ್ಮವಿಶ್ವಾಸ ಬರುತ್ತದೆ ಅಂತೆಲ್ಲ ನಾನು ಮಾರುವುದಿಲ್ಲ. ಸಾಫ್ಟ್‌ಸ್ಕಿಲ್ ಕ್ಲಾಸಿನವರು ಅದನ್ನು ಸಾಕಷ್ಟು ಮಾರಿದ್ದಾರೆ. ಐರ್ಲೆಂಡಿನ ಸ್ಯಾಮ್ಯುಯೆಲ್ ಬೆಕೆಟ್ ಫ್ರೆಂಚಿನಲ್ಲಿ ಬರೆದು, 1953ರ ಜನವರಿಯಲ್ಲಿ ಪ್ಯಾರಿಸ್ಸಿನ ಸಣ್ಣ ಮಂದಿರದಲ್ಲಿ ಮೊದಲು ಆಡಿದ ನಾಟಕದಲ್ಲಿ ಇಬ್ಬರು ಒಂದು ಮರದ ಕೆಳಗೆ ಗೋಡೋ ಎಂಬವನಿಗಾಗಿ ಕಾಯುತ್ತಾರೆ. ಅವನು ಇವತ್ತು ಬರುವುದಿಲ್ಲ, ನಾಳೆ ಖಂಡಿತ ಬರುತ್ತಾನೆ ಎಂದು ಹುಡುಗನೊಬ್ಬ ಬಂದು ಹೇಳಿ ಹೋಗುತ್ತಾನೆ. ‘ನಾವೇ ಮೇಲ್ ಮಾಡುತ್ತೇವೆ’ ಎಂದ ಎಚ್.ಆರ್.ಗಾಗಿ ಮೂರು ತಿಂಗಳಿಂದ ಕಾಯುತ್ತಿರುವ ನಮ್ಮ ಸೀನಿಯರ್ ಒಬ್ಬರಿಗೆ ಈ ಕಥೆ ಹೇಳಿದೆ. ಅವರು ಬಹಳ ಹೊತ್ತು ನಕ್ಕು, ಆಮೇಲೆ “ಎಲ್ಲಿ ಆಡ್ತಾರಂತೆ?” ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸೀಸನ್‌ನ ಒಂದು ಹಾಳೆ ಇದ್ದಿದ್ದರೆ ತೆಗೆದು ಕೊಡುತ್ತಿದ್ದೆ.

ಫ್ರೆಂಚ್ ನಾಟಕ ಓದಿ ಕನ್ನಡ ಮರೆಯುತ್ತೇವೆ ಅನ್ನುವ ಹೆದರಿಕೆ ನನಗಿಲ್ಲ. ಗಿರೀಶ ಕಾರ್ನಾಡರು ‘ಯಯಾತಿ’ ಬರೆದಾಗ ಫ್ರಾನ್ಸಿನ ಝಾಂ ಅನೂಯಿ, ಸಾರ್ತ್ರ್ ಅವರ ನಾಟಕಗಳ ಪ್ರಭಾವ ಇತ್ತೆಂದು ಅವರೇ ಬರೆದುಕೊಂಡಿದ್ದಾರೆ. ಇಂಗ್ಲೆಂಡಿಗೆ ಓದಲು ಹೊರಡುವ ಹುಡುಗನ ತಲೆಯಲ್ಲಿ ಆ ನಾಟಕ ಬಂದದ್ದು ಕನ್ನಡದಲ್ಲಿ. ಪಿ. ಲಂಕೇಶರು ಬೋದಿಲೇರನನ್ನು ‘ಪಾಪದ ಹೂಗಳು’ ಅಂತ ತಂದರು. ಆ ತಲೆಮಾರಿನವರು ಹೊರಗಿನದನ್ನು ಮನೆಗೆ ಹೊತ್ತು ತಂದರು. ನಾವು ಭಾಷೆಯನ್ನು ವೀಸಾ ಅರ್ಜಿಗೆ ಪಿನ್ ಮಾಡಿ ಕೊಟ್ಟುಬಿಡುತ್ತಿದ್ದೇವೆ.

ನಮ್ಮ ಕಾಲೇಜಿನ ಕನ್ನಡ ಸಂಘ ಇಷ್ಟು ವರ್ಷ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಒಂದು ಕಿರುನಾಟಕ ಆಡಿ ಬಾವುಟ ಮಡಚಿಡುತ್ತಿತ್ತು. ಮುಂದಿನ ಸೆಮಿಸ್ಟರಿಗೆ ನಾವು ಎಂಟು ಜನ ಕೂತು ಒಂದು ಹಾಳೆ ಸಿದ್ಧ ಮಾಡಿದ್ದೇವೆ. ಎ ಫೋರ್, ಎರಡೂ ಬದಿ, ಝೆರಾಕ್ಸ್ ಖರ್ಚು ನಮ್ಮದೇ. ಮೂರು ನಾಟಕ. ಒಂದು ‘ಆಷಾಢಭೂತಿ’ಯ ಆಯ್ದ ದೃಶ್ಯಗಳು, ಒಂದು ನಮ್ಮ ಸೀನಿಯರ್ ಬರೆದ ಹಾಸ್ಯ, ಮೂರನೆಯದು ಹೊರಗಿನ ಒಂದು ತಂಡವನ್ನು ಕರೆಸುವುದು. ಯಾಕೆ ಈ ಮೂರು ಅಂತ ಮೇಲೆ ಹತ್ತು ಸಾಲಿನ ಪತ್ರ, ಯಾವ ದಿನ ಇಂಗ್ಲಿಷ್ ಸಾಲು ಓಡುತ್ತದೆ ಅಂತ ಕೆಳಗೆ ನಕ್ಷತ್ರದ ಗುರುತು. ಮೂರಕ್ಕೂ ಸೇರಿ ಚಂದಾ ಎಷ್ಟಿಡಬೇಕು ಎಂಬುದರ ಮೇಲೆ ಜಗಳ ಇನ್ನೂ ನಡೆಯುತ್ತಿದೆ, ಎರಡು ಮಸಾಲೆ ದೋಸೆಯ ಬೆಲೆ ದಾಟಬಾರದು ಅನ್ನುವುದು ನನ್ನ ಪಕ್ಷ. ಎರಡು ತಾರೀಖು ಗೊತ್ತಾಗಿವೆ. ಮೂರನೆಯ ಕಡೆ ಸದ್ಯಕ್ಕೆ ಗೀಟು ಎಳೆದು ಖಾಲಿ ಬಿಟ್ಟಿದ್ದೇವೆ, ಪ್ಲೇಸ್‌ಮೆಂಟ್ ಸೆಲ್‌ನವರು ಮೊದಲ ಕಂಪನಿ ಯಾವತ್ತು ಬರುತ್ತದೆ ಅಂತ ಹೇಳಬೇಕು.